ಬಾನೆಟ್ಟು ಎತ್ತಿದರೆ ಸ್ಪಿಟ್‌ಫೈರ್

ನಮ್ಮ ಕಾರಿನ ಬಾನೆಟ್ಟು ಎತ್ತಿದರೆ ಸಾಕು, ಐದು ನಿಮಿಷದಲ್ಲಿ ಹತ್ತು ಜನ ಸೇರುತ್ತಾರೆ. ಶಿಡ್ಲಘಟ್ಟದಲ್ಲಿ ಟೀ ಕುಡಿಯಲು ನಿಲ್ಲಿಸಿದರೂ ಅಷ್ಟೇ, ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳಿಗೆ ಕೈಮುಗಿದು ಹೊರಗೆ ಬಂದಾಗಲೂ ಅಷ್ಟೇ. ಬೇರೆ ಕಾರುಗಳಲ್ಲಿ ಎಂಜಿನ್ ಮೇಲಿನ ತಗಡು ಮಾತ್ರ ಮೇಲೇಳುತ್ತದೆ. ಇದರಲ್ಲಿ ಎರಡೂ ಪಕ್ಕದ ಕೊಕ್ಕೆ ಬಿಚ್ಚಿ ಎಳೆದರೆ ಹೆಡ್‌ಲೈಟು, ಮಡ್‌ಗಾರ್ಡು ಸಮೇತ ಇಡೀ ಮುಖವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ನು, ಸ್ಟಿಯರಿಂಗ್ ರಾಡು, ಮುಂದಿನ ಚಕ್ರಗಳು ಎಲ್ಲ ಬಟಾಬಯಲು. ಮೆಕ್ಯಾನಿಕ್ ಬಗ್ಗಿ ನಡು ನೋಯಿಸಿಕೊಳ್ಳಬೇಕಿಲ್ಲ. ಜಗಲಿಯ ಮೇಲೆ ಕೂತ ಹಾಗೆ ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ಭಾನುವಾರದ ಬೆಳಗ್ಗೆ ಎಂದರೆ ಅಪ್ಪ ಟೈರಿನ ಮೇಲೆ, ಕೈಯಲ್ಲಿ ಪ್ಲಗ್ಗು, ಪಕ್ಕದಲ್ಲಿ ಆರಿಹೋದ ಕಾಫಿ. ನಾವು ಬೆಳೆದದ್ದು ಈ ಚಿತ್ರ ನೋಡಿಕೊಂಡೇ.

ಸೇರಿದ ಜನ ಕೇಳುವುದು ಒಂದೇ ಪ್ರಶ್ನೆ: "ಇದ್ಯಾವ ಗಾಡಿ ಸಾರ್?"

"ಹೆರಾಲ್ಡು," ಎನ್ನುತ್ತಿದ್ದರು ಅಪ್ಪ.

"ಸ್ಪೋರ್ಟ್ಸ್ ಕಾರು," ಎನ್ನುತ್ತಿದ್ದರು ದೊಡ್ಡಪ್ಪ.

ಅಣ್ಣತಮ್ಮಂದಿರ ಈ ಜಗಳ ನಲವತ್ತು ವರ್ಷ ನಡೆಯಿತು. ಹೊಲ ಪಾಲಾದದ್ದು, ರೇಷ್ಮೆ ರೀಲಿಂಗ್ ಯೂನಿಟ್ಟು ಪಾಲಾದದ್ದು ಒಂದೇ ಬೆಳಗ್ಗೆ ಮುಗಿಯಿತು. ಇದು ಮಾತ್ರ ಬಗೆಹರಿಯಲಿಲ್ಲ. ದೊಡ್ಡಪ್ಪ ಈಗಿಲ್ಲ. ಅವರು ಹೇಳಿದ್ದೇ ಸರಿ ಎಂದು ನನಗೆ ಈಗೀಗ ಅನ್ನಿಸುತ್ತಿದೆ. ಯಾಕೆ ಎಂದು ಹೇಳಲಿಕ್ಕೇ ಈ ಬರಹ.

ದೊಡ್ಡಪ್ಪನಿಗೆ ಕಾರಿನ ಹುಚ್ಚು ಹಿಡಿದದ್ದು 1961ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಎಲಿಜಬೆತ್ ರಾಣಿ ನಂದಿಬೆಟ್ಟಕ್ಕೆ ಬಂದಿದ್ದರು. ಹದಿನೈದರ ಹುಡುಗ ಸ್ಕೂಲು ತಪ್ಪಿಸಿ ರಸ್ತೆ ಬದಿಯಲ್ಲಿ ನಿಂತಿದ್ದನಂತೆ. ರಾಣಿ ಹೇಗಿದ್ದರು ಎಂದು ಕೇಳಿದರೆ, "ಯಾರು ನೋಡಿದ್ರು, ಕಾರುಗಳು ಹೋಗ್ತಿದ್ವಲ್ಲ!" ಎನ್ನುತ್ತಿದ್ದರು. ಮುಂದಿನ ತಿಂಗಳೇ ಜಿನೀವಾದ ಮೇಳದಲ್ಲಿ ಜಾಗ್ವಾರ್ ಇ-ಟೈಪ್ ಬಿಡುಗಡೆಯಾಯಿತು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಿಂದ ಇಂಗ್ಲಿಷ್ ಮೋಟಾರು ಪತ್ರಿಕೆಗಳು ಮನೆ ಸೇರತೊಡಗಿದವು. ಅಲ್ಮೆರಾ ಬಾಗಿಲಿನ ಒಳಮೈಗೆ ಎಂಜಿ, ಟ್ರಯಂಫ್, ಜಾಗ್ವಾರ್ ಚಿತ್ರಗಳು ಅಂಟಿಕೊಂಡವು. ಹೊರಗಡೆ ಮಾತ್ರ ಎಂದಿನ ಹಾಗೆ ಲಕ್ಷ್ಮೀ ಕ್ಯಾಲೆಂಡರು.

ಚಿತ್ರ ಅಂಟಿಸಬಹುದಿತ್ತು, ಕಾರು ಕೊಳ್ಳುವಂತಿರಲಿಲ್ಲ. ಐವತ್ತರ ದಶಕದಲ್ಲೇ ವಿದೇಶಿ ಕಾರುಗಳ ಆಮದಿಗೆ ಸರ್ಕಾರ ಬೀಗ ಹಾಕಿತ್ತು. ಕೊಳ್ಳುವವರಿಗೆ ಇದ್ದದ್ದು ಮೂರೇ: ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಮೂರಕ್ಕೂ ತವರು ಹೊರಗೇ. ಅಂಬಾಸಡರ್ ಎಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಫಿಯಟ್ ಇಟಲಿಯದು. ಹೆರಾಲ್ಡ್, ಕವೆಂಟ್ರಿಯ ಟ್ರಯಂಫ್ ಹೆರಾಲ್ಡ್. ಅದು ಮದ್ರಾಸಿನ ಹೊರವಲಯದ ವಂಡಲೂರಿನ ಕಾರ್ಖಾನೆಯಿಂದ ಹೊರಬರತೊಡಗಿದ್ದೂ ಅದೇ 1961ರಲ್ಲಿ.

ನಮ್ಮದು 1965ರ ಎರಡು ಬಾಗಿಲಿನ ಗಾಡಿ. ತಾತ ಅದನ್ನು 1971ರಲ್ಲಿ ಬೆಂಗಳೂರಿನ ಒಬ್ಬ ಡಾಕ್ಟರಿಂದ ಸೆಕೆಂಡ್ ಹ್ಯಾಂಡ್ ಕೊಂಡರು. ತಾತನಿಗೆ ಮೋಟಾರು ಪತ್ರಿಕೆಗಳ ಗೊಡವೆ ಇರಲಿಲ್ಲ. ಶಿಡ್ಲಘಟ್ಟದ ಸಂದಿಗಳಲ್ಲಿ ತಿರುಗುತ್ತದೆಯೋ ಇಲ್ಲವೋ ಎಂಬುದೊಂದೇ ಅವರ ಪರೀಕ್ಷೆ. ಹೆರಾಲ್ಡ್ 25 ಅಡಿಯಲ್ಲಿ ಪೂರ್ತಿ ಸುತ್ತು ತಿರುಗುತ್ತದೆ, ಲಂಡನ್ನಿನ ಟ್ಯಾಕ್ಸಿಯಷ್ಟೇ. ಅಂಬಾಸಡರು ಮೂರು ಸಲ ರಿವರ್ಸ್ ತೆಗೆದುಕೊಳ್ಳುವ ಕಡೆ ಇದು ಒಂದೇ ಏಟಿಗೆ ತಿರುಗಿ ಮನೆ ಮುಂದೆ ನಿಂತಿತು. ವ್ಯಾಪಾರ ಮುಗಿಯಿತು.

ನಮ್ಮ ರೇಷ್ಮೆಗೂಡಿನ ವ್ಯವಹಾರದಲ್ಲಿ ಕಾರಿಗೆ ನಿಜವಾದ ಕೆಲಸವಿತ್ತು. ರೇಷ್ಮೆಹುಳು ಗೂಡು ಕಟ್ಟಿದ ಹತ್ತು-ಹದಿನಾಲ್ಕು ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಅಷ್ಟರೊಳಗೆ ಗೂಡನ್ನು ಹುಳು ಕಟ್ಟುವ ಚಂದ್ರಿಕೆಯಿಂದ ಬಿಡಿಸಿ, ಮಾರ್ಕೆಟ್ಟಿಗೆ ಬಂದು, ಹರಾಜಾಗಿ, ರೀಲರ್ ಮನೆಯ ಬಿಸಿನೀರು ಕಂಡಿರಬೇಕು. ಚಿಂತಾಮಣಿ ಕಡೆಯ ಹಳ್ಳಿಗಳಿಂದ ಗೂಡಿನ ಮೂಟೆ ತರುವ ದಿನ ಹಿಂದಿನ ಸೀಟು ಬಿಚ್ಚಿ ಮನೆಯಲ್ಲಿಟ್ಟು ಹೋಗುತ್ತಿದ್ದರು. ಆ ವಾಸನೆ ಇವತ್ತಿಗೂ ಹೋಗಿಲ್ಲ. ಮೂರು ಸಲ ಸೀಟಿನ ಬಟ್ಟೆ ಬದಲಾಯಿಸಿದ್ದೇವೆ, ಸುಗಂಧ ತೂಗುಹಾಕಿದ್ದೇವೆ. ಮೇ ತಿಂಗಳ ಬಿಸಿಲಿಗೆ ಕಿಟಕಿ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಕಾರು ಮತ್ತೆ ಗೂಡಿನ ಮಾರ್ಕೆಟ್ಟು.

ಅಪ್ಪನ ವಾದ ಇಷ್ಟೇ: ಗೂಡು ಹೊರುವ ಗಾಡಿ ಅದು ಹೇಗೆ ಸ್ಪೋರ್ಟ್ಸ್ ಕಾರಾದೀತು? 948 ಸಿಸಿ ಎಂಜಿನ್ನು, ಸುಮಾರು 35 ಅಶ್ವಶಕ್ತಿ. ಇವತ್ತಿನ ಕೆಲವು ಬೈಕುಗಳಿಗೂ ಇದಕ್ಕಿಂತ ಹೆಚ್ಚು ದಮ್ಮಿದೆ.

ದೊಡ್ಡಪ್ಪನ ವಾದ ಸ್ವಲ್ಪ ಉದ್ದ. ಅದನ್ನು ಅವರು ಕವೆಂಟ್ರಿಯಿಂದಲೇ ಶುರುಮಾಡುತ್ತಿದ್ದರು. ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಕಾರಿನ ಬಾಡಿ ಒತ್ತಿಕೊಡುತ್ತಿದ್ದದ್ದು ಫಿಶರ್ ಅಂಡ್ ಲಡ್ಲೋ ಎಂಬ ಇನ್ನೊಂದು ಕಂಪನಿ. 1953ರಲ್ಲಿ ಅದನ್ನು ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಕೊಡುವವರಿಲ್ಲ. ಆಗ ಎಂಜಿನಿಯರ್ ಹ್ಯಾರಿ ವೆಬ್‌ಸ್ಟರ್, ಟ್ಯೂರಿನ್ನಿನ ವಿನ್ಯಾಸಕಾರ ಜಿಯೊವಾನ್ನಿ ಮಿಕೆಲೊಟ್ಟಿ ಇಬ್ಬರೂ ಸೇರಿ ಹಳೇ ದಾರಿಯನ್ನೇ ಹಿಡಿದರು: ಕೆಳಗೆ ಗಟ್ಟಿಯಾದ ಬೇರೆ ಚಾಸಿ, ಅದರ ಮೇಲೆ ತುಂಡು ತುಂಡಾಗಿ ಬೋಲ್ಟು ಹಾಕಿ ಕೂರಿಸುವ ಬಾಡಿ. ಮುಖ ಒಂದು ತುಂಡು, ನಡು ಒಂದು ತುಂಡು, ಸೂರು ಇನ್ನೊಂದು. 1959ರ ಏಪ್ರಿಲ್‌ನಲ್ಲಿ ಹೆರಾಲ್ಡ್ ಹೊರಬಂತು. ತುಂಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ದೂರದ ದೇಶಗಳಿಗೆ ಕಳಿಸಿ ಅಲ್ಲೇ ಜೋಡಿಸಲೂ ಇದು ಅನುಕೂಲ. ನಮ್ಮಂಥ ದೇಶಕ್ಕೆ ಹೇಳಿ ಮಾಡಿಸಿದ ಕಾರು ಅದು.

ಇಲ್ಲಿಗೆ ಬಂದಾಗ ದೊಡ್ಡಪ್ಪ ದನಿ ತಗ್ಗಿಸುತ್ತಿದ್ದರು. ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕು ಮಾಡಿ ಮಿಕೆಲೊಟ್ಟಿ ಎರಡು ಸೀಟಿನ ಬಯಲು ಕಾರೊಂದನ್ನು ಮಾಡಿದ್ದ. ಕಂಪನಿಯ ಹತ್ತಿರ ದುಡ್ಡಿರಲಿಲ್ಲ, ಅದು ಮೂಲೆ ಸೇರಿತು. 1961ರಲ್ಲಿ ಆ ಕಂಪನಿಯನ್ನು ಲೇಲ್ಯಾಂಡ್ ಕೊಂಡಿತು. ಹೌದು, ನಮ್ಮ ಅಶೋಕ್ ಲೇಲ್ಯಾಂಡ್ ಬಸ್ಸಿನ ಹೆಸರಲ್ಲಿರುವ ಲೇಲ್ಯಾಂಡೇ. ಅದರ ಹಿರಿಯ ಅಧಿಕಾರಿ ಸ್ಟ್ಯಾನ್ಲಿ ಮಾರ್ಕ್‌ಲ್ಯಾಂಡ್ ಕಾರ್ಖಾನೆ ಸುತ್ತುವಾಗ ಧೂಳು ಹೊದಿಕೆಯಡಿ ಏನೋ ಕಂಡು ಎತ್ತಿ ನೋಡಿದ. ತಯಾರಿಸಿ ಎಂದ. 1962ರಲ್ಲಿ ಅದು ಟ್ರಯಂಫ್ ಸ್ಪಿಟ್‌ಫೈರ್ ಆಗಿ ಬೀದಿಗೆ ಬಂತು. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು.

"ಅದೇ ಸ್ಟಿಯರಿಂಗು, ಅದೇ ಹಿಂದಿನ ಅಡ್ಡ ಪಟ್ಟಿ, ಅದೇ ಮುಖ ಮಗುಚೋ ಬಾನೆಟ್ಟು," ಎಂದು ಬೆರಳು ಮಡಚುತ್ತಿದ್ದರು ದೊಡ್ಡಪ್ಪ. "ಒಂದೇ ಬಸಿರು ಕಣೋ. ಒಂದು ಮಗ ಲಂಡನ್ನಲ್ಲಿ ಓದ್ದ, ಇನ್ನೊಂದು ಮಗ ಶಿಡ್ಲಘಟ್ಟದಲ್ಲಿ ಗೂಡು ಹೊತ್ತ."

"ಹೊತ್ತಿದ್ದಕ್ಕೇ ಊಟ ಸಿಕ್ಕಿದ್ದು," ಎನ್ನುತ್ತಿದ್ದರು ಅಪ್ಪ.

ಆ ಅಡ್ಡ ಪಟ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹೆರಾಲ್ಡಿನ ಹಿಂದಿನ ಚಕ್ರಗಳು ಒಂದೊಂದೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ, ಎರಡನ್ನೂ ಹೊರುವುದು ಒಂದೇ ಅಡ್ಡ ಲೀಫ್ ಪಟ್ಟಿ. ಖಾಲಿ ಗಾಡಿಯಲ್ಲಿ ತಿರುವಿನಲ್ಲಿ ಜೋರಾಗಿ ಹೋಗಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹೊರಗಡೆಯ ಚಕ್ರ ಮೊಣಕಾಲು ಮಡಚಿದಂತೆ ಒಳಕ್ಕೆ ಸೇರಿಕೊಂಡು ಹಿಂಭಾಗ ಜಾರುತ್ತದೆ. ಇಂಗ್ಲೆಂಡಿನ ಸ್ಪಿಟ್‌ಫೈರ್ ಓಡಿಸುವವರೂ ಇದಕ್ಕೆ ಹೆದರುತ್ತಿದ್ದರು. ನಮ್ಮಲ್ಲಿ ಅದಕ್ಕೆ ಮದ್ದು ಗೂಡಿನ ಮೂಟೆ. ಹಿಂದೆ ಭಾರ ಬಿದ್ದರೆ ಚಕ್ರಗಳ ಬುಡ ಹೊರಕ್ಕೆ ಅಗಲಿಸಿಕೊಂಡು ಗಾಡಿ ನೆಲ ಕಚ್ಚಿ ಓಡುತ್ತದೆ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಗುಡ್ಡಗಳ ನಡುವೆ ಹೋಗುವ ರಸ್ತೆಯಲ್ಲಿ ನಾಲ್ಕು ಮೂಟೆ ಹೇರಿದ ಹೆರಾಲ್ಡ್ ತಿರುಗುತ್ತಿದ್ದ ಹದ ಕಂಡು ಅಪ್ಪನೂ ಒಮ್ಮೊಮ್ಮೆ ನಗುತ್ತಿದ್ದರು. ಬಾಯಿಬಿಟ್ಟು ಒಪ್ಪುತ್ತಿರಲಿಲ್ಲ, ಅಷ್ಟೇ.

ಗೌರಿಬಿದನೂರಿನ ಹತ್ತಿರ ಭೂಕಂಪ ಮಾಪಕಗಳ ಸಾಲೊಂದಿದೆ. ಜಗತ್ತಿನ ಯಾವ ಮೂಲೆಯಲ್ಲಿ ನೆಲದಡಿ ಅಣುಬಾಂಬ್ ಪರೀಕ್ಷೆಯಾದರೂ ಅದರ ನಡುಕ ಹಿಡಿಯಲೆಂದು ಅಣುಶಕ್ತಿ ಇಲಾಖೆಯವರು ಬ್ರಿಟನ್ನಿನ ಸಹಕಾರದಲ್ಲಿ 1965ರಲ್ಲಿ ಸ್ಥಾಪಿಸಿದ್ದು. ನಮ್ಮ ಕಾರಿನ ಓರಗೆಯದು. ಆ ದಾರಿಯಲ್ಲಿ ಹೋಗುವಾಗಲೆಲ್ಲ ದೊಡ್ಡಪ್ಪ, "ನಿಧಾನ ಕಣೋ, ಬಾಂಬ್ ಅನ್ಕೊಂಡಾರು," ಎನ್ನುತ್ತಿದ್ದರು. ಸೈಲೆನ್ಸರ್ ತೂತಾಗಿದ್ದ ಕಾಲ ಅದು.

ಇನ್ನು ಸೂರಿನ ಕಥೆ. ಹೆರಾಲ್ಡಿನ ಸೂರೂ ಬೋಲ್ಟಿನ ಮೇಲೆ ಕೂತಿರುವಂಥದ್ದು, ಬಿಚ್ಚಬಹುದು ಎಂದು ಹೇಳಿದೆನಲ್ಲ. ನಾನಾಗ ಮೂರನೇ ಕ್ಲಾಸು. ಅಪ್ಪ ಕೋಲಾರಕ್ಕೆ ಎರಡು ದಿನದ ಕೆಲಸದ ಮೇಲೆ ಹೋಗಿದ್ದರು. ದೊಡ್ಡಪ್ಪ ಚಿಂತಾಮಣಿಯ ಮೆಕ್ಯಾನಿಕ್ ಭಾಯಿಗೆ ಹೇಳಿ ಕಳಿಸಿದರು. ಇಬ್ಬರೂ ಸೇರಿ ಮಧ್ಯಾಹ್ನದೊಳಗೆ ಸೂರು ಬಿಚ್ಚಿ ಹಿತ್ತಲಲ್ಲಿ ಹಗ್ಗದ ಮಂಚದ ಮೇಲೆ ಮಲಗಿಸಿದರು. ಬಿಸಿಲಿತ್ತು, ತಗಡು ಚೆನ್ನಾಗಿ ಕಾದಿತ್ತು. ಅಜ್ಜಿ ಅದರ ಮೇಲೆ ಬಟ್ಟೆ ಹಾಸಿ ಸಂಡಿಗೆ ಇಟ್ಟರು. ಮಕ್ಕಳು ಐದು ಜನ, ದೊಡ್ಡಪ್ಪನ ಕೊರಳಿಗೆ ಮಫ್ಲರ್, ಅಲ್ಮೆರಾದ ಚಿತ್ರದಲ್ಲಿದ್ದ ಹಾಗೆಯೇ. ಹೊರಟೆವು ನಂದಿಗೆ.

ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಜನ ನಿಂತು ನೋಡಿದರು. ಯಾರೋ ಸಿನಿಮಾ ಶೂಟಿಂಗ್ ಎಂದುಕೊಂಡರು. ದೊಡ್ಡಪ್ಪ ಕೈ ಬೀಸಿದರು, ಥೇಟ್ ರಾಣಿಯ ಹಾಗೆ. ಬೆಟ್ಟ ಇಳಿದು ಭೋಗನಂದೀಶ್ವರನ ಗುಡಿಯ ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿಯಿತು. ಓಡಿ ಗುಡಿಯೊಳಗೆ ನಿಂತೆವು. ಕಾರು ಹೊರಗೆ ನಿಂತು ತುಂಬಿತು. ಮಳೆ ಬಿಟ್ಟ ಮೇಲೆ ಪಕ್ಕದ ಮನೆಯವರ ಹತ್ತಿರ ಎರಡು ಚೊಂಬು ಇಸಕೊಂಡು ಸರದಿಯ ಮೇಲೆ ನೀರು ಮೊಗೆದೆವು. ಮನೆಗೆ ಬಂದರೆ ಅಪ್ಪ ಒಂದು ದಿನ ಮೊದಲೇ ವಾಪಸು. ಹಿತ್ತಲಲ್ಲಿ ಸೂರನ್ನೂ ಅದರ ಮೇಲೆ ನೆಂದು ಹಿಟ್ಟಾಗಿದ್ದ ಸಂಡಿಗೆಯನ್ನೂ ನೋಡುತ್ತ ನಿಂತಿದ್ದರು. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ತಾವೇ ಸೂರು ಕೂರಿಸಿದರು. ಒಂದು ಬೋಲ್ಟು ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಮಳೆಗಾಲದಲ್ಲಿ ಎಡಗಡೆ ಸೀಟಿನ ಮೇಲೆ ಹನಿ ಬೀಳುತ್ತದೆ. ಅದು ದೊಡ್ಡಪ್ಪ ಕೂರುತ್ತಿದ್ದ ಸೀಟು.

ಆಯುಧಪೂಜೆಯ ಮಾರನೆಯ ದಿನ ಕಾರಿಗೆ ಒಂದು ಸುತ್ತು ಕಡ್ಡಾಯ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಮುದ್ದೇನಹಳ್ಳಿ, ಆಮೇಲೆ ನಂದಿ. ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯ ಮುಂದೆ ಎಂಜಿನ್ ಆಫ್ ಮಾಡುವುದು ದೊಡ್ಡಪ್ಪ ಹಾಕಿಕೊಟ್ಟ ಪದ್ಧತಿ. ಕನ್ನಂಬಾಡಿ ಕಟ್ಟೆ ಎಲ್ಲರಿಗೂ ಗೊತ್ತು. ಈ ದೇಶದಲ್ಲಿ ಕಾರಿನ ಕಾರ್ಖಾನೆ ಆಗಲೇಬೇಕೆಂದು ಅವರು ಪಟ್ಟ ಪಾಡು ಅಷ್ಟು ಜನಕ್ಕೆ ಗೊತ್ತಿಲ್ಲ. ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಯುರೋಪು-ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದರು. ಲೆಕ್ಕಾಚಾರದ ಸಮೇತ ಯೋಜನೆ ಸಿದ್ಧಪಡಿಸಿದರು. ಬೆಂಗಳೂರಿನಲ್ಲಿ ಆಗಬಹುದೆಂದು ಮೈಸೂರು ಸರ್ಕಾರವೂ ಉದ್ಯಮಿ ವಾಲ್‌ಚಂದ್ ಹೀರಾಚಂದರೂ ಮುಂದೆ ಬಂದರು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕೊನೆಗೆ ವಾಲ್‌ಚಂದರು 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಫಿಯಟ್ ಬಂದದ್ದು ಅಲ್ಲಿಂದ. ಬೆಂಗಳೂರಿಗೆ ಬರಬೇಕಿದ್ದ ಕಾರ್ಖಾನೆಯನ್ನು ತಪ್ಪಿಸಿದ ಬ್ರಿಟಿಷರ ಕಾರಿನಲ್ಲೇ ಹೋಗಿ ಆ ಮನೆಯ ಮುಂದೆ ಕೈಮುಗಿಯುತ್ತೇವಲ್ಲ, ಇದೇನು ಲೆಕ್ಕ ಎಂದು ನಾನೊಮ್ಮೆ ಕೇಳಿದ್ದೆ. "ತಪ್ಪು ಕಾರಿಂದಲ್ಲಮ್ಮ," ಎಂದಿದ್ದರು ದೊಡ್ಡಪ್ಪ.

ನಾವು ದಿನಾ ಆಡುವ ಮೋಟಾರು ಮಾತುಗಳಲ್ಲೂ ಆ ಹಳೇ ಇಂಗ್ಲಿಷ್ ಕಾರುಗಳು ಕೂತಿವೆ. ಹಿಂದಿನ ಸಾಮಾನಿನ ಜಾಗಕ್ಕೆ ಡಿಕ್ಕಿ ಎನ್ನುತ್ತೇವೆ. ಎರಡು ಸೀಟಿನ ಕಾರಿನ ಹಿಂದೆ ಮಡಚಿ ತೆಗೆಯುವ ಹೆಚ್ಚುವರಿ ಸೀಟಿಗೆ ಅಲ್ಲಿ ಡಿಕ್ಕಿ ಸೀಟ್ ಎಂದು ಹೆಸರಿತ್ತು. ಸೀಟು ಹೋಗಿ ಬರೀ ಹೆಸರು ಉಳಿದುಕೊಂಡಿದೆ. ಹೆಚ್ಚುವರಿ ಚಕ್ರಕ್ಕೆ ಸ್ಟೆಪ್ನಿ ಎಂದರೆ ಇಂದಿನ ಇಂಗ್ಲೆಂಡಿನ ಹುಡುಗರಿಗೆ ಅರ್ಥವಾಗಲಿಕ್ಕಿಲ್ಲ. ವೇಲ್ಸಿನ ಲನೆತ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಮೊದಲು ತಯಾರಾಗುತ್ತಿದ್ದ ಚಕ್ರ ಅದು. ಆ ಬೀದಿಯ ಹೆಸರು ಚಿಂತಾಮಣಿಯ ಪಂಚರ್ ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಕೇಳಿಸುತ್ತದೆ.

ಭಾಯಿಯ ಅಂಗಡಿ ಎಂದರೆ ನನಗೆ ಲಗ್ನಪತ್ರಿಕೆ ನೆನಪಾಗುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಗ್ಯಾಪು ಇಂಚಿನ ಸಾವಿರ ಪಾಲಿನಲ್ಲಿ ಹದಿನೈದು ಪಾಲು ಇರಬೇಕು. ಅಳೆಯಲು ಫೀಲರ್ ಗೇಜ್ ಬೇಕು. ಭಾಯಿಯ ಗೇಜು ಸದಾ ಯಾರ ಹತ್ತಿರವೋ ಇರುತ್ತಿತ್ತು. ಆತ ಅಂಗಿಯ ಜೇಬಿನಿಂದ ಯಾರದೋ ಮದುವೆಯ ಕರೆಯೋಲೆ ತೆಗೆದು, ಅಂಚು ಹರಿದು, ಪಾಯಿಂಟ್ ನಡುವೆ ತೂರಿಸಿ, ಹಗುರಾಗಿ ಎಳೆದು ನೋಡುತ್ತಿದ್ದ. ಕಾಗದ ಸಡಿಲವಾಗಿಯೂ ಬರಬಾರದು, ಹರಿಯಲೂ ಬಾರದು. "ಅಣ್ಣಾ, ದಪ್ಪ ಕಾರ್ಡಿನ ಮದುವೇನೇ ಇದಕ್ಕೆ ಸರಿ," ಎನ್ನುತ್ತಿದ್ದ. ಗಾಡಿ ಹಾಫ್ ಸೆಲ್ಫಿಗೆ ಎದ್ದು ಕೂರುತ್ತಿತ್ತು.

ಈಗಿನ ಹುಡುಗರಿಗೆ ಆ ತಾಳ್ಮೆ ಇಲ್ಲ ಎಂದು ನಾನು ಹೇಳಲಾರೆ. ಅವರ ಹತ್ತಿರ ಸ್ಪ್ಯಾನರ್ ಇಲ್ಲ. ಹೆರಾಲ್ಡಿನ ನಟ್ಟುಗಳೆಲ್ಲ ಇಂಚಿನ ಲೆಕ್ಕದವು. ಅರ್ಧ ಇಂಚು ಎಂದರೆ 12.7 ಮಿಲಿಮೀಟರು. ಹೊಸ ಗ್ಯಾರೇಜಿನ ಹುಡುಗ 13ನೇ ನಂಬರ್ ಹಾಕಿ ಬಲವಾಗಿ ತಿರುಗಿಸುತ್ತಾನೆ, ನಟ್ಟಿನ ಮೂಲೆಗಳು ಉರುಟಾಗುತ್ತವೆ. ಮೂರು ಹತ್ತಂಶ ಮಿಲಿಮೀಟರಿನ ಈ ವ್ಯತ್ಯಾಸಕ್ಕೆ ನಮ್ಮ ವಾಟರ್ ಪಂಪಿನ ಎರಡು ಬೋಲ್ಟು ಬಲಿಯಾಗಿವೆ. ಅಂದಿನಿಂದ ಅಪ್ಪನ ಇಂಚಿನ ಸ್ಪ್ಯಾನರುಗಳು ದೇವರ ಮನೆಯ ಪಕ್ಕದ ಗೂಡಿನಲ್ಲಿ, ಕೆಂಪು ಬಟ್ಟೆಯಲ್ಲಿ.

ಪೆಟ್ರೋಲಿನದು ಇನ್ನೊಂದು ತಾಪತ್ರಯ. 2000ದಲ್ಲಿ ಸೀಸದ ಪೆಟ್ರೋಲ್ ನಿಂತಾಗ ವಾಲ್ವಿನ ಚಿಂತೆ ಹತ್ತಿತ್ತು. ಮೆತ್ತಗೆ ಓಡಿಸಿ ಪಾರಾದೆವು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತದ್ದು. ಹಳೆಯ ರಬ್ಬರ್ ಪೈಪು, ಕಾರ್ಬೊರೇಟರಿನ ವಾಷರ್‌ಗಳನ್ನು ಅದು ಮೆಲ್ಲಗೆ ತಿನ್ನುತ್ತದೆ. ಪೈಪು ಬದಲಾಯಿಸಿ, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು ಖಾಲಿ ಮಾಡುವುದೇ ದಾರಿ.

ಕಾಗದಪತ್ರದ ವಿಚಾರ ಇದಕ್ಕಿಂತ ಗೋಜಲು. ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತವರು ಅರ್ಧ ಗಂಟೆ ಹುಡುಕಿ, "ಸ್ಟ್ಯಾಂಡರ್ಡ್ ಅಂತ ಕಂಪನೀನೇ ಇಲ್ವಲ್ಲಮ್ಮ," ಎಂದರು. ಹೊರಗೆ ನಿಂತಿದೆ, ಬಂದು ನೋಡಿ ಎಂದೆ. ಬಂದರು, ನೋಡಿದರು, ಬಾನೆಟ್ಟು ಎತ್ತಿಸಿದರು, ಫೋಟೊ ತೆಗೆಸಿಕೊಂಡರು. ಕೆಲಸ ಆಗಲಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆಂದೇ ನಿಯಮ ತಂದಿದೆ. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿಎ ಎಂಬ ಅಕ್ಷರ, ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ, ನವೀಕರಣಕ್ಕೆ 5,000. ಮೊದಲೇ ನೋಂದಣಿ ಇದ್ದವರು ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ಆದರೆ ವಿಂಟೇಜ್ ಎನಿಸಿಕೊಂಡ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿಯಂಥ ಕೆಲಸಕ್ಕೆ ಮಾತ್ರ. ಗೂಡಿನ ಮೂಟೆ ಹೊತ್ತ ಗಾಡಿಗೆ ಇದು ನಿವೃತ್ತಿಯೋ ಸನ್ಮಾನವೋ ತಿಳಿಯದು.

ಅರಸರ ಕಾರುಗಳ ಬಗ್ಗೆ ನನಗೆ ಚಿಂತೆಯಿಲ್ಲ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಹಳೇ ಕಾರುಗಳನ್ನು ಜೋಪಾನ ಮಾಡಿದ್ದಾರೆ. ಮೈಸೂರು ರಸ್ತೆಯಲ್ಲಿ ಶ್ರೀರಂಗಪಟ್ಟಣದ ಬಳಿ 'ಪಯಣ' ವಸ್ತುಸಂಗ್ರಹಾಲಯವೂ ಆಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡುವಂಥದ್ದು. ರೋಲ್ಸ್ ರಾಯ್ಸಿಗೆ ಎಲ್ಲಾದರೂ ಒಂದು ಸೂರು ಸಿಗುತ್ತದೆ. ಮೇಷ್ಟರು, ಡಾಕ್ಟರು, ರೀಲರು ಓಡಿಸಿದ ಕಾರು ಸೇರುವುದು ಶಿವಾಜಿನಗರದ ಗುಜರಿ.

ಹೋದ ವರ್ಷ ನನ್ನ ತಮ್ಮನ ಮಗಳು ಓದಲೆಂದು ಇಂಗ್ಲೆಂಡಿಗೆ ಹೋದಳು. ಸೇರಿದ್ದು ಕವೆಂಟ್ರಿಯಲ್ಲಿ, ಅದು ತೀರಾ ಆಕಸ್ಮಿಕ. ಟ್ರಯಂಫ್ ತಯಾರಾಗುತ್ತಿದ್ದ ಕ್ಯಾನ್ಲಿ ಅಲ್ಲೇ ಊರೊಳಗೆ. ಕಾರು ಜೋಡಣೆ 1980ರಲ್ಲೇ ನಿಂತಿದೆ. ಒಂದು ಭಾನುವಾರ ಹಳೇ ಕಾರುಗಳು ಸೇರಿದ್ದ ಮೈದಾನದಿಂದ ಅಪ್ಪನಿಗೆ ವಿಡಿಯೊ ಕರೆ ಮಾಡಿದಳು.

"ತಾತ, ಇಲ್ನೋಡಿ!"

ಹಸಿರು ಸ್ಪಿಟ್‌ಫೈರ್. ಇಡೀ ಮುಖ ಮುಂದಕ್ಕೆ ಮಗುಚಿಕೊಂಡಿತ್ತು. ತಲೆ ನರೆತ ಯಜಮಾನರೊಬ್ಬರು ಮುಂದಿನ ಟೈರಿನ ಮೇಲೆ ಕೂತು ಪ್ಲಗ್ಗು ಒರೆಸುತ್ತಿದ್ದರು. ಅಪ್ಪ ಫೋನನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ತುಂಬ ಹೊತ್ತು ನೋಡಿದರು.

"ಅವರ ಹಿಂದಿನ ಪಟ್ಟಿ ಬಗ್ಗಿದೆಯಾ ಕೇಳು," ಎಂದರು.

ಆ ಸಲದ ಆಯುಧಪೂಜೆಗೆ ಟೀ ಅಂಗಡಿಯ ಮುಂದೆ ಯಾರೋ ಎಂದಿನ ಪ್ರಶ್ನೆ ಕೇಳಿದರು. ಅಪ್ಪ ಪ್ಲಗ್ಗಿನಿಂದ ತಲೆ ಎತ್ತದೆಯೇ "ಸ್ಪೋರ್ಟ್ಸ್ ಕಾರು," ಎಂದರು.

ಕೊನೆಗೊಂದು ಬಿನ್ನಹ. ನಿಮ್ಮ ಊರಿನ ಹಿತ್ತಲಲ್ಲೋ ಹಳೇ ಗೋದಾಮಿನಲ್ಲೋ ಎರಡು ಬಾಗಿಲಿನ ಹೆರಾಲ್ಡ್ ತುಕ್ಕು ಹಿಡಿದು ನಿಂತಿದ್ದರೆ ತೂಕಕ್ಕೆ ಹಾಕಬೇಡಿ. ಮೊದಲು ಮುಖ ಎತ್ತಿ ಒಳಗೆ ನೋಡಿ. ಚಾಸಿ ಗಟ್ಟಿಯಿದ್ದರೆ ಮಿಕ್ಕದ್ದೆಲ್ಲ ಬೋಲ್ಟಿನ ಕೆಲಸ. ಅಷ್ಟು ಬೇಡ ಎನಿಸಿದರೆ ಸೂರು ಹಿಡಿದಿರುವ ಬೋಲ್ಟುಗಳಲ್ಲಿ ಒಂದನ್ನಾದರೂ ಬಿಚ್ಚಿಟ್ಟಿರಿ. ನಮಗೆ ಒಂದು ಕಡಿಮೆ ಇದೆ.